ಮಗುವಿನ ಅಳತೆಯ ದಾರಿ

ಬೆಂಗಳೂರಿನ ಶಿವಾಜಿನಗರದ ಆಸ್ಪತ್ರೆಗೆ ಹೆಸರು ಕೊಟ್ಟ ಎಲ್. ಬಿ. ಬೌರಿಂಗ್ 1862ರಿಂದ 1870ರವರೆಗೆ ಮೈಸೂರಿನ ಕಮಿಷನರ್. ಆ ದಿನಗಳಲ್ಲಿ ಮಕ್ಕಳ ಮೂತ್ರಕೋಶದಲ್ಲಿ ಕಲ್ಲಾದರೆ ಕೊಯ್ದೇ ತೆಗೆಯಬೇಕಿತ್ತು. 1880ರ ದಶಕದಲ್ಲಿ ಇಂದೋರಿನ ಸರ್ಜನ್ ಕೀಗನ್, ಮೂತ್ರದ್ವಾರದ ಮೂಲಕವೇ ಬಾಲಕರ ಕಲ್ಲನ್ನು ಪುಡಿಮಾಡಿ ತೆಗೆಯಬಹುದೆಂದು ತೋರಿಸಿದರು.

ಕಿಡ್ನಿಯ ಕಲ್ಲು ಇನ್ನೂ ಹಟಮಾರಿ.

ಬೆನ್ನಿನ ಸಣ್ಣ ರಂಧ್ರದಿಂದ ಅದನ್ನು ತೆಗೆದ ವರದಿಯನ್ನು ಸ್ವೀಡನ್ನಿನ ಫರ್ನ್‌ಸ್ಟ್ರೋಮ್ ಮತ್ತು ಯೋಹಾನ್ಸನ್ 1976ರಲ್ಲಿ ಪ್ರಕಟಿಸಿದರು. ದೊಡ್ಡವರಿಗೆ ಬಳಸುತ್ತಿದ್ದ ಕೊಳವೆ 8ರಿಂದ 10 ಮಿ.ಮೀ. ದಪ್ಪ, ಎಳೆಯ ಕಿಡ್ನಿಗೆ ಅದು ಭಾರೀ ಗಾಯ. 1998ರಲ್ಲಿ ಅಮೆರಿಕದ ಜಾಕ್‌ಮನ್ ತಂಡ ಮಕ್ಕಳಿಗೆಂದೇ 4 ಮಿ.ಮೀ.ಗಿಂತ ಸಣ್ಣ ದಾರಿ ಬಳಸಿತು. 2011ರಲ್ಲಿ ವರದಿಯಾದ ಸಾಧನೆ ನಮ್ಮ ದೇಶಕ್ಕೇ ಹೆಮ್ಮೆ: ಗುಜರಾತಿನ ನಡಿಯಾದ್‌ನ ಡಾ. ಮಹೇಶ್ ದೇಸಾಯಿ ಮತ್ತು ಸಂಗಡಿಗರು ಸುಮಾರು 1.6 ಮಿ.ಮೀ. ಸೂಜಿಯೊಳಗೇ ನೋಡುವ ತಂತು, ಲೇಸರ್ ಎಳೆ, ಹರಿಯುವ ನೀರು ಮೂರನ್ನೂ ಹಾಯಿಸಿದರು.

ನಿಜವಾದ ಕೈಚಳಕ ಇರುವುದು ಆ ಮೊದಲ ಚುಚ್ಚಿನಲ್ಲಿ. ಅಲ್ಟ್ರಾಸೌಂಡ್ ನೋಡುತ್ತಾ, ದೊಡ್ಡ ರಕ್ತನಾಳಗಳನ್ನು ತಪ್ಪಿಸಿ, ಮೂತ್ರ ಸೇರುವ ಪುಟ್ಟ ಬಟ್ಟಲಿನ ತುದಿಯಿಂದಲೇ ಸೂಜಿ ಒಳಹೋಗಬೇಕು. ಮಗುವಿನ ಮೈ ಬೇಗ ತಣ್ಣಗಾಗುತ್ತದೆ, ಅದಕ್ಕೇ ಒಳಗೆ ಹರಿಸುವ ಸಲೈನ್ ಬೆಚ್ಚಗಿರಬೇಕು. ಎಕ್ಸ್‌ರೇಯನ್ನೂ ಆದಷ್ಟು ಕಡಿಮೆ ಮಾಡುತ್ತಾರೆ. ಲೇಸರ್ ತಾಗಿ ಕಲ್ಲು ಧೂಳಾದರೆ, ಅದು ಮೂತ್ರದಲ್ಲೇ ಹರಿದುಹೋಗುತ್ತದೆ.

ಸಿಕ್ಕ ಚೂರುಗಳು ಪರೀಕ್ಷೆಗೆ ಹೋಗುತ್ತವೆ. ಅವುಗಳಲ್ಲಿ ಸಿಸ್ಟಿನ್ ಎಂಬ ವಸ್ತು ಕಂಡರೆ ಕಾರಣ ವಂಶವಾಹಿಯಲ್ಲಿದೆ ಎಂದರ್ಥ. ಆಗ ಹೆಚ್ಚು ನೀರು, ಔಷಧಿ, ವರ್ಷಗಟ್ಟಲೆ ತಪಾಸಣೆ ಬೇಕಾಗುತ್ತದೆ.