ಗೌರಮ್ಮನ ಚಿತ್ರ ಯಾರ ಸೊತ್ತು?

ಕೊಡಗಿನ ಶ್ರೀಮಂಗಲದ ಸುತ್ತಮುತ್ತ ಒಂದು ಗದ್ದೆಯ ಮಾತು ಬಂದರೆ, ಅದು ಯಾವ ಒಕ್ಕದ್ದು, ಅಂದರೆ ಯಾವ ಮನೆತನದ್ದು ಎಂದು ಮೊದಲು ಕೇಳುತ್ತಾರೆ. ತಲೆಮಾರಿನಿಂದ ಬಂದ ಜಮ್ಮ ಜಾಗ ಯಾರೊಬ್ಬರ ಸೊತ್ತೂ ಅಲ್ಲ, ಇಡೀ ಒಕ್ಕದ್ದು. ಅಂಥ ಜಾಗಕ್ಕೆ ಸನ್ನದು ಕೊಟ್ಟ, ಕೊಡಗನ್ನಾಳಿದ ಹಾಲೇರಿ ಅರಸುಮನೆಯ ಮಗಳ ಚಿತ್ರ ಮಾತ್ರ ಮೊದಲ ದಿನದಿಂದಲೂ ಬೇರೆಯವರದ್ದು. ಫ್ರಾನ್ಸ್ ಕ್ಸೇವರ್ ವಿಂಟರ್‌ಹಾಲ್ಟರ್ 1852ರಲ್ಲಿ ವಿಕ್ಟೋರಿಯಾ ರಾಣಿಗಾಗಿ ಬರೆದ ಗೌರಮ್ಮನ ತೈಲಚಿತ್ರ ಅದು. (ಕೊಡಗಿನ ಗೌರಮ್ಮ ಎಂದ ಕೂಡಲೇ ನೆನಪಾಗುವ ಕಥೆಗಾರ್ತಿ ಬೇರೆ, ಆಕೆ ಹುಟ್ಟಿದ್ದು 1912ರಲ್ಲಿ.)

ನಾನು ನೋಡಿರುವುದು ಅದರ ಪ್ರತಿಗಳನ್ನಷ್ಟೇ. ಹನ್ನೊಂದರ ಹುಡುಗಿ, ಭಾರತದ ಉಡುಪು, ಒಡವೆ, ಕೈಯಲ್ಲಿ ಬೈಬಲ್. ಯುರೋಪಿನ ಅರಮನೆಗಳಿಗೆಲ್ಲ ಬೇಕಾಗಿದ್ದ ಚಿತ್ರಗಾರ ವಿಂಟರ್‌ಹಾಲ್ಟರ್. ರೇಷ್ಮೆಯ ಮಿನುಗು, ಚಿನ್ನದ ಹೊಳಪು ಅವನಿಗೆ ನೀರು ಕುಡಿದಷ್ಟು ಸುಲಭ. ಇಲ್ಲೂ ಬಟ್ಟೆ ಗೆದ್ದಿದೆ, ಮುಖ ಸೋತಿದೆ. ಚೆಲುವಾದ ಮುಖವೇ, ಆದರೆ ಅದರಲ್ಲಿ ಮಗುತನವಿಲ್ಲ. ಹೀಗೆ ನಿಲ್ಲು ಎಂದದ್ದಕ್ಕೆ ಹಾಗೇ ನಿಂತ ವಿಧೇಯತೆಯಿದೆ. ಒಡವೆಯನ್ನು ಅಳಿಸಿದರೂ ಚಿತ್ರ ನಿಂತೀತು, ಪುಸ್ತಕವನ್ನು ಅಳಿಸಿದರೆ ಬಿದ್ದುಹೋಗುತ್ತದೆ. ಆ ಬೇಸಿಗೆಯಲ್ಲಷ್ಟೇ ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಅವಳಿಗೆ ದೀಕ್ಷಾಸ್ನಾನ ಮಾಡಿಸಿದ್ದರು. ಧರ್ಮತಾಯಿಯಾಗಿ ನಿಂತ ರಾಣಿ ತನ್ನ ಹೆಸರನ್ನೇ ಕೊಟ್ಟಿದ್ದಳು.

ಹಾಗಾಗಿ ಭಾವಚಿತ್ರ ಎಂಬ ಪಟ್ಟಿ ಹಚ್ಚಿದ್ದರೂ ನನಗಿದು ಧಾರ್ಮಿಕ ಚಿತ್ರವೇ. ಪುನರುಜ್ಜೀವನ ಕಾಲದ ಹಲಗೆಚಿತ್ರಗಳಲ್ಲಿ ಹಣ ಕೊಟ್ಟವನೂ ಒಂದು ಮೂಲೆಯಲ್ಲಿ ಮಂಡಿಯೂರಿರುತ್ತಾನೆ. ಯಾನ್ ವಾನ್ ಐಕ್‌ನ ಹಲಗೆಯಲ್ಲಂತೂ ಮಂತ್ರಿ ರೋಲಾಂ ಮೇರಿಗೆ ಎದುರಾಗಿಯೇ ಮಂಡಿಯೂರಿದ್ದಾನೆ. ಓತಾಂ ಊರಿನ ಚರ್ಚಿಗೆಂದು ಬರೆಸಿದ ಆ ಹಲಗೆ ಫ್ರೆಂಚ್ ಕ್ರಾಂತಿಯ ನಂತರ ಲೂವ್ರ್ ಸೇರಿತು. ಕೈ ಬದಲಾದರೂ ಕೊಟ್ಟವನ ಮುಖ ಅದರಲ್ಲೇ ಉಳಿದಿದೆ. ಗೌರಮ್ಮನ ಚಿತ್ರದಲ್ಲಿ ಹಣ ಕೊಟ್ಟವಳು ಕಾಣುವುದೇ ಇಲ್ಲ. ಅವಳ ಭಕ್ತಿಯನ್ನು ಮಗುವಿನ ಕೈಯೇ ಹಿಡಿದುಕೊಂಡಿದೆ.

ಒಡೆತನದ ಕಥೆ ಒಂದೇ ಸಾಲಿನದು. ರಾಣಿ ಬರೆಸಿದಳು, ಅರಮನೆಯಲ್ಲೇ ಉಳಿಯಿತು, ಈಗ ರಾಯಲ್ ಕಲೆಕ್ಷನ್ನಿನಲ್ಲಿದೆ. ಪಹಣಿಯಲ್ಲಿ ಹೆಸರು ಬದಲಾಗದ ಜಾಗದಂತೆ, ತಕರಾರೇ ಇಲ್ಲ. ತಕರಾರಿದ್ದದ್ದು ಅಪ್ಪನ ದುಡ್ಡಿನದು. 1834ರಲ್ಲಿ ರಾಜ್ಯ ಕಳೆದುಕೊಂಡ ಚಿಕ್ಕವೀರರಾಜೇಂದ್ರ ಮಗಳನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೋದದ್ದು ಅವಳ ವಿದ್ಯೆಗಾಗಿ ಮಾತ್ರ ಅಲ್ಲ; ಈಸ್ಟ್ ಇಂಡಿಯಾ ಕಂಪನಿ ಕೈಯಲ್ಲಿ ಸಿಕ್ಕಿಕೊಂಡಿದ್ದ ಮನೆತನದ ಹಣ ಕೇಳುವುದಕ್ಕೂ ಹೌದು. 1859ರಲ್ಲಿ ಅವನು ಲಂಡನ್ನಿನಲ್ಲೇ ತೀರಿಕೊಂಡ. ಮರುವರ್ಷ ಅಲ್ಲಿನ ಕೋರ್ಟು ಅವನು ಹೂಡಿದ್ದ ದಾವೆಯನ್ನು ವಜಾ ಮಾಡಿತು. ಕಂಪನಿ ಆ ಹಣ ವಶಪಡಿಸಿಕೊಂಡದ್ದು ರಾಜ್ಯಾಧಿಕಾರದಿಂದ, ಅದನ್ನು ನಾವು ವಿಚಾರಿಸುವಂತಿಲ್ಲ ಎಂಬುದು ತೀರ್ಪಿನ ತಾತ್ಪರ್ಯ. ಅಪ್ಪನ ಕೈ ತಪ್ಪಿ ಹೋದದ್ದಕ್ಕೆಲ್ಲ ಕಾಗದಪತ್ರವಿದೆ. ಮಗಳ ಚಿತ್ರ ಅವನ ಕೈಗೆ ಬಂದದ್ದೇ ಇಲ್ಲ, ಆದ್ದರಿಂದ ಹೋಯಿತೆಂದು ದಾವೆ ಹೂಡುವಂತೆಯೂ ಇಲ್ಲ.

ಗೌರಮ್ಮ 1860ರಲ್ಲಿ ಕ್ಯಾಂಪ್‌ಬೆಲ್ ಎಂಬ ಸೇನಾಧಿಕಾರಿಯನ್ನು ಮದುವೆಯಾಗಿ, ಒಂದು ಹೆಣ್ಣುಮಗುವನ್ನು ಹೆತ್ತು, 1864ರಲ್ಲಿ ಇಪ್ಪತ್ತೆರಡಕ್ಕೇ ಹೋಗಿಬಿಟ್ಟಳು.

ನಮ್ಮ ಕಡೆಯ ಕೆಲವರು ಈ ಚಿತ್ರವನ್ನು ‘ಕೊಡವ ರಾಜಕುಮಾರಿ’ ಎಂದು ಹಂಚುತ್ತಾರೆ. ಅಭಿಮಾನ ಸರಿ, ಆದರೆ ಹಾಲೇರಿಯವರು ಲಿಂಗಾಯತರು. ಹುಡುಗಿ ಹುಟ್ಟಿದ್ದು 1841ರಲ್ಲಿ, ಕಾಶಿಯಲ್ಲಿ, ರಾಜ್ಯ ಹೋಗಿ ಏಳು ವರ್ಷಕ್ಕೆ. ಕೊಡಗಿನ ಮಣ್ಣು ಮೆಟ್ಟದವಳ ಉಡುಪಿನಲ್ಲಿ ಕೊಡಗನ್ನು ಹುಡುಕುವುದು ಬೇಡ.

ಮೂಲ ಚಿತ್ರ ವಾಪಸ್ ಬರಲಿ ಎಂದು ನಾನು ಕೇಳುವುದಿಲ್ಲ. ಅದು ಇಲ್ಲಿಂದ ಹೋದದ್ದೇ ಅಲ್ಲ. ಒಳ್ಳೆಯದೊಂದು ಪ್ರತಿ ಮಡಿಕೇರಿ ಕೋಟೆಯ ವಸ್ತುಸಂಗ್ರಹಾಲಯದಲ್ಲಿ ಇರಲಿ. ವೀರಭದ್ರನ ಗುಡಿ ತೆಗೆದು ಕಟ್ಟಿದ ಸೇಂಟ್ ಮಾರ್ಕ್ಸ್ ಚರ್ಚಿನ ಕಟ್ಟಡವದು. ಬೈಬಲ್ ಹಿಡಿದ ಶಿವಭಕ್ತರ ಮಗಳಿಗೆ ಅದಕ್ಕಿಂತ ಒಪ್ಪುವ ಗೋಡೆ ಸಿಗದು. ಕೆಳಗಿನ ಫಲಕದಲ್ಲಿ ಚಿತ್ರಗಾರನ ಹೆಸರಿನ ಜೊತೆ 1860ರ ಆ ತೀರ್ಪನ್ನೂ ಬರೆಯಬೇಕು.