ತೂಫಾನಿಗೆ ಕಾಯುವವರು, ನಮ್ಮ ಕಾವ್ಯದ ಕಡಲು

ಕನ್ನಡ ಕಾವ್ಯದಲ್ಲಿ ಕಡಲಿಗೆ ಬರ ಬಂದಿಲ್ಲ. ಸಂಸಾರ ಒಂದು ಕಡಲು, ದುಃಖ ಒಂದು ಕಡಲು, ದೇವರ ಕರುಣೆಯಂತೂ ಮಹಾ ಕಡಲು. ಇಷ್ಟೊಂದು ಕಡಲುಗಳಿರುವ ಭಾಷೆಯಲ್ಲಿ ಬಲೆ ಎಳೆಯುವವನು ಮಾತ್ರ ಯಾಕೆ ಕಾಣೋದಿಲ್ಲ? ಇದನ್ನು ಕರಾವಳಿಯವರು ಕೇಳಲಿ, ಬಯಲುಸೀಮೆಯ ಕೇರಿಗಳಿಂದ ಬಂದು ಬಿ.ಟಿ.ಎಂ. ಲೇಔಟಿನ ಬಾಡಿಗೆ ಕೋಣೆಯಲ್ಲಿ ಕೂತ ನಿಮಗ್ಯಾಕೆ ಅಂತ ಕೆಲವರು ಅನ್ನಬಹುದು. ಆದರೆ ಕನ್ನಡದ ಕಡಲು ಹೇಗಿರಬೇಕು ಅಂತ ತೀರ್ಮಾನ ಆಗೋದು ಕಡಲತಡಿಯಲ್ಲಲ್ಲ ಸ್ವಾಮಿ, ಇಲ್ಲಿ. ಜಯನಗರ, ಬನಶಂಕರಿಯ ಸಭಾಂಗಣಗಳ ಫ್ಯಾನಿನ ಕೆಳಗೆ.

ಆ ಸಭಾಂಗಣಗಳ ಸುಗಮಸಂಗೀತದ ಸಂಜೆಗಳಲ್ಲಿ ಜಿ.ಎಸ್. ಶಿವರುದ್ರಪ್ಪನವರ ‘ಕಾಣದ ಕಡಲಿಗೆ’ ಹಾಡದೆ ಇರೋದು ಅಪರೂಪ. ಕೇಳುವವರು ಕಣ್ಣು ಮುಚ್ಚಿ ತಲೆದೂಗುತ್ತಾರೆ. ಹಾಡಿನ ಮೇಲೆ ನಮ್ಮ ತಕರಾರಿಲ್ಲ. ಶಿಕಾರಿಪುರದ ಈಸೂರಿನಲ್ಲಿ ಹುಟ್ಟಿದ ಕವಿ ಕಾಣದ್ದನ್ನು ಕಾಣದ್ದು ಅಂತಲೇ ಕರೆದರು, ಅದು ಪ್ರಾಮಾಣಿಕತೆ. ತಕರಾರಿರುವುದು ಕಂಡವರ ಮೇಲೆ. ಗೋಪಾಲಕೃಷ್ಣ ಅಡಿಗರು ಹುಟ್ಟಿದ್ದು 1918ರಲ್ಲಿ, ಕುಂದಾಪುರ ಸೀಮೆಯ ಮೊಗೇರಿಯಲ್ಲಿ. ಆದರೂ ಅವರ ‘ಮೋಹನ ಮುರಳಿ’ ಕರೆಯುವ ಆಚೆ ದಡ ಮನಸ್ಸಿನದು, ಅಲ್ಲಿಗೆ ಯಾವ ನಾಡದೋಣಿಯೂ ಹೋಗಿಲ್ಲ. ಕಾರಂತರ ‘ಮರಳಿ ಮಣ್ಣಿಗೆ’ಯಲ್ಲಿ ಕಡಲು ಮನೆಯ ಹಿಂದೇ ಮೊರೆಯುತ್ತದೆ. ಮಳೆ, ಮರಳು, ಉಪ್ಪುನೀರು, ಹೆಂಗಸರ ಮುರಿಯುವ ದುಡಿಮೆ ಎಲ್ಲ ಇದೆ. ಆ ಪುಸ್ತಕಕ್ಕೆ ನಾವು ಕೈಮುಗಿಯುತ್ತೇವೆ. ಆದರೆ ನೋಡುವ ಕಣ್ಣು ಐತಾಳರ ಮನೆಯದು. ಕಡೆಗೆ ಮರಳುವುದೂ ಮಣ್ಣಿಗೇ, ನೀರಿಗಲ್ಲ.

ಪಕ್ಕದ ಮಲೆಯಾಳದಲ್ಲಿ ತಕಳಿ 1956ರಲ್ಲಿ ‘ಚೆಮ್ಮೀನ್’ ಬರೆದರು. ಮೀನುಗಾರರನ್ನು ನಡುಮನೆಗೆ ತಂದ ಕಾದಂಬರಿ, ಸರಿ. ಆದರೆ ಅದು ನೆಚ್ಚಿಕೊಂಡ ನಂಬಿಕೆ ಏನು? ಹೆಂಡತಿ ಶೀಲ ಕೆಟ್ಟರೆ ಕಡಲಮ್ಮ ಗಂಡನನ್ನು ನುಂಗುತ್ತಾಳೆ. ಅಂದರೆ ಬಿರುಗಾಳಿಯ ಹೊಣೆಯೂ ದಡದಲ್ಲಿ ಮೀನಿನ ಬುಟ್ಟಿ ಹೊತ್ತವಳ ತಲೆಯ ಮೇಲೆ! ಇವತ್ತು ಅರಬ್ಬಿ ಸಮುದ್ರ ಕಾಯುತ್ತಿರುವುದು ಯಾರ ಹೊಗೆಯಿಂದ? ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಗಾಜು ಏರಿಸಿ ಕೂತವರ ಶೀಲವನ್ನು ಯಾವ ಕಾದಂಬರಿ ವಿಚಾರಣೆ ಮಾಡಿದೆ?

ನಮ್ಮ ಕೋಣೆಯಲ್ಲಿ ಮರವಂತೆ ಕಡೆಯ ಮೊಗವೀರ ಗೆಳೆಯನೊಬ್ಬನಿದ್ದಾನೆ. ಜೂನ್ ತಿಂಗಳಲ್ಲಿ ಮನೆಗೆ ಫೋನು ಹಚ್ಚಿದಾಗಲೆಲ್ಲ ಅವನು ಕೇಳುವ ಮೊದಲ ಮಾತು, ತೂಫಾನ್ ಆಯ್ತಾ ಅಂತ. ನಮಗೆ ಆಶ್ಚರ್ಯ. ಬಿರುಗಾಳಿ ಬೇಡ ಅಂತ ಹರಕೆ ಹೊರುವವರನ್ನು ಕೇಳಿದ್ದೇವೆ, ಇನ್ನೂ ಬರಲಿಲ್ಲವಲ್ಲ ಅಂತ ಕೊರಗುವವನನ್ನು ಕಂಡಿರಲಿಲ್ಲ. ಅವನು ನಕ್ಕ: “ತೂಫಾನ್ ಆಯ್ಲಿಲ್ಲಾಂದ್ರೆ ಮೀನ್ ಎಲ್ಲಿಂದ ಬತ್ತ್ ಮಾರಾಯ?”

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ದೊಡ್ಡ ಯಾಂತ್ರಿಕ ಬೋಟುಗಳಿಗೆ ನಿಷೇಧ. ಆಗ ಕಡಲಿಗಿಳಿಯುವುದು ನಾಡದೋಣಿಯ ಬಡವ. ಮಳೆಗಾಲದ ಮೊದಲ ದೊಡ್ಡ ಗಾಳಿ ಕಡಲನ್ನು ಬುಡಮಟ್ಟ ಕಲಕಬೇಕು. ಅಡಿಯ ತಣ್ಣೀರು ಮೇಲೇಳಬೇಕು, ಅದರ ಸಾರದಿಂದ ಕಣ್ಣಿಗೆ ಕಾಣದ ಹಸಿರು ಜೀವಿಗಳು ಹುಟ್ಟಬೇಕು, ಅವನ್ನು ಮೇಯಲು ಬೂತಾಯಿ ದಡದ ಹತ್ತಿರ ಬರಬೇಕು, ಜೊತೆಗೆ ಚಟ್ಲಿ. ಆಮೇಲೆ ಮಾಟುಬಲೆ ಬೀಸುವುದು. ಇದು ಯಾವ ಪಂಚಾಂಗದ ಐನೋರೂ ಬರೆದುಕೊಟ್ಟದ್ದಲ್ಲ. ಅಪ್ಪ, ಅಜ್ಜ ನೀರು ಕುಡಿದು ಕಲಿತದ್ದು. ಕಾಲಕ್ಕೆ ಬಂದ ತೂಫಾನು ಅನ್ನ, ಅಕಾಲದ ತೂಫಾನು ಸಾವು. ಒಂದೇ ಪದಕ್ಕೆ ಎರಡು ಅರ್ಥ, ನಡುವೆ ಇರುವುದು ತಿಂಗಳುಗಳ ಲೆಕ್ಕ.

ಆ ಲೆಕ್ಕವೇ ಈಗ ತಪ್ಪುತ್ತಿದೆ. ದುಡಿಮೆಯ ಕಾಲ ಅಕ್ಟೋಬರ್, ನವೆಂಬರ್. 2009ರ ನವೆಂಬರಿನಲ್ಲಿ ಫಯಾನ್ ಬಂತು, 2019ರ ಅಕ್ಟೋಬರಿನಲ್ಲಿ ಕ್ಯಾರ್, ಅದರ ಬೆನ್ನಿಗೇ ಮಹಾ. 2017ರ ಓಖಿಯಲ್ಲಿ ಕೇರಳ, ಕನ್ಯಾಕುಮಾರಿಯ ಮೀನುಗಾರರಿಗೆ ಎಚ್ಚರಿಕೆ ತಲುಪುವ ಹೊತ್ತಿಗೆ ದೋಣಿಗಳು ಆಗಲೇ ಕಡಲಲ್ಲಿದ್ದವು. 2021ರ ಮೇ ತಿಂಗಳ ತೌಕ್ತೆ ಉಳ್ಳಾಲದಲ್ಲೂ ಮರವಂತೆಯಲ್ಲೂ ದಡ ತಿಂದಿತು. ಅರಬ್ಬಿ ಸಮುದ್ರದಲ್ಲಿ ಚಂಡಮಾರುತಗಳು ಹೆಚ್ಚಿವೆ, ಹೆಚ್ಚು ಹೊತ್ತು ನಿಲ್ಲುತ್ತವೆ ಅಂತ ಪುಣೆಯ ಹವಾಮಾನ ವಿಜ್ಞಾನಿಗಳೇ ಲೆಕ್ಕ ಕೊಟ್ಟಿದ್ದಾರೆ. ಬೇಡದ ಗಾಳಿ ಹೆಚ್ಚಿದರೆ, ಬೇಕಾದ ಕಲಕು ಕೆಡುತ್ತದೆ: ಬಿಸಿಯಾದ ಮೇಲ್ನೀರು ಮುಚ್ಚಳದಂತೆ ಕೂತರೆ ಅಡಿಯ ತಣ್ಣೀರು ಏಳುವುದು ಕಷ್ಟ. ಕೇರಳದಲ್ಲಿ 2012ರಲ್ಲಿ ನಾಲ್ಕು ಲಕ್ಷ ಟನ್ನಿನ ಹತ್ತಿರ ಸಿಕ್ಕ ಬೂತಾಯಿ 2021ರಲ್ಲಿ ನಾಲ್ಕು ಸಾವಿರ ಟನ್ನನ್ನೂ ಮುಟ್ಟಲಿಲ್ಲ. ಇನ್ನು ಒಣಮೀನಿನ ಹೆಂಗಸರು. ಮೇ ತಿಂಗಳ ಬಿಸಿಲನ್ನು ನಂಬಿ ಮರಳ ಮೇಲೆ ಹರಡಿದ ಮೀನಿನ ಮೇಲೆ ಒಂದು ಅಕಾಲ ಮಳೆ ಬಿದ್ದರೆ ಸಾಕು, ಮಳೆಗಾಲದ ಗಂಜಿ ಹೋಯಿತು. ಅದಕ್ಕೆ ಚಂಡಮಾರುತ ಬೇಕಿಲ್ಲ, ಹೆಸರೂ ಇಡೋದಿಲ್ಲ.

ಇಲ್ಲಿ ನಮ್ಮ ಚಳವಳಿಯ ಕವಿಗಳನ್ನೂ ಕೇಳಬೇಕು. ಬಂಡಾಯದ ಎಷ್ಟು ಪದ್ಯಗಳಲ್ಲಿ ಬಿರುಗಾಳಿ ಕ್ರಾಂತಿಯಾಗಿ ಬೀಸಿಲ್ಲ! ಅರಮನೆ ಉರುಳಿಸುವ ಗಾಳಿ, ಗುಡಿಯ ಕಳಸ ಕೀಳುವ ಗಾಳಿ. ನಿಜವಾದ ಬಿರುಗಾಳಿ ಅರಮನೆ ಮುಟ್ಟುವುದಿಲ್ಲ, ಕಡಲತಡಿಯ ಹೆಂಚಿನ ಮನೆ ಕೆಡವುತ್ತದೆ. ನವ್ಯರು ಕಡಲನ್ನು ಮನಸ್ಸು ಮಾಡಿದರು, ನಮ್ಮವರು ಗಾಳಿಯನ್ನು ಘೋಷಣೆ ಮಾಡಿದರು. ದೋಣಿಯಲ್ಲಿದ್ದವನ ಪಾಲಿಗೆ ವ್ಯತ್ಯಾಸ ಏನು? ‘ಉಳುವವನೇ ಹೊಲದೊಡೆಯ’ ಅಂದಾಗ ಹೊಲ ಇತ್ತು, 1974ರ ಕಾನೂನು ಇತ್ತು, ಗೇಣಿದಾರನಿಗೆ ಅರ್ಜಿ ಹಾಕಲು ಒಂದು ನಮೂನೆ ಇತ್ತು. ಕಡಲಿಗೆ ಪಹಣಿ ಇಲ್ಲ.

ಹಾಗಂತ ಎಲ್ಲವನ್ನೂ ಹವಾಮಾನದ ತಲೆಗೆ ಕಟ್ಟಿದರೆ ಬಂಡವಾಳ ಬಚಾವ್. ಊರಿಗೆ ಊರೇ ನಿಂತು ಎಳೆಯುತ್ತಿದ್ದ, ಎಳೆದವರಿಗೂ ಬಲೆ ಕೊಟ್ಟವರಿಗೂ ಪಾಲು ಸಿಗುತ್ತಿದ್ದ ರಂಪಣಿ ಸತ್ತದ್ದು ಬಿಸಿಲಿಗಲ್ಲ. 1970ರ ದಶಕದ ನಡುವೆ ಪರ್ಸೀನ್ ಬೋಟುಗಳು ಬಂದು, ದಡಕ್ಕೆ ಬರುವ ಬಂಗುಡೆ, ಬೂತಾಯಿಯ ಹಿಂಡನ್ನು ಆಚೆಯೇ ಬಾಚಿಕೊಂಡವು. ನೆನಪಿಡಿ, ನಮ್ಮ ಚಳವಳಿ ಕಣ್ಣು ಬಿಟ್ಟದ್ದೂ ಅದೇ ದಶಕದಲ್ಲಿ. ದೀಪ ಹಾಕಿ ಮೀನು ಹಿಡಿಯುವುದನ್ನು ಕೇಂದ್ರ ಸರ್ಕಾರ 2017ರಲ್ಲಿ ನಿಷೇಧಿಸಿದರೂ ರಾತ್ರಿಯ ಕಡಲು ಕತ್ತಲಾಗಲಿಲ್ಲ. ದೊಡ್ಡ ಬೋಟು ಮೀನನ್ನು ಹಿಂಬಾಲಿಸಿ ಗೋವಾದಾಚೆಗೂ ಹೋಗುತ್ತದೆ. ನಾಡದೋಣಿ ಎಲ್ಲಿಗೆ ಹೋದೀತು?

ಭಾಷೆಯ ಪಕ್ಷಪಾತ ನೋಡಿ. ಹೊಲದಲ್ಲಿ ಬೆಳೆ ಹೋದರೆ ಅದು ‘ಬರ’. ತಾಲ್ಲೂಕಿನ ಹೆಸರು ಪಟ್ಟಿಗೆ ಬರುತ್ತದೆ, ಸಾಲದ ಮಾತಾಗುತ್ತದೆ. ಕಡಲಲ್ಲಿ ಮೀನು ಹೋದರೆ ‘ಮತ್ಸ್ಯಕ್ಷಾಮ’ ಅಂತ ಕರಾವಳಿಯ ಪತ್ರಿಕೆಗಳು ಬರೆಯುತ್ತವೆ. ಅದು ಸುದ್ದಿಯ ಪದ, ಪರಿಹಾರದ ಪದ ಅಲ್ಲ. ನಿಷೇಧದ ಕಾಲಕ್ಕೆ ಒಂದು ಉಳಿತಾಯ ಪರಿಹಾರ ಯೋಜನೆ ಇದೆ. ಸಿಗುವ ಹಣದಲ್ಲಿ ಒಂದು ಪಾಲು ಮೀನುಗಾರ ತಾನೇ ಕೂಡಿಟ್ಟದ್ದು!

ಬೆಂಗಳೂರಿಗೆ ಹವಾಮಾನ ಅಂದರೆ ನೆಲಮಾಳಿಗೆಗೆ ನೀರು ನುಗ್ಗಿದ ದಿನ. 2025ರ ಮೇ ತಿಂಗಳಲ್ಲಿ ಬಿ.ಟಿ.ಎಂ. ಲೇಔಟಿನಲ್ಲಿ ನೀರು ನಿಂತಾಗ ನಾವೂ ಮೊಣಕಾಲುದ್ದ ನಡೆದವರೇ. ಮಿಕ್ಕ ದಿನ ಮಳೆ ಅಂದರೆ ಬಿಸಿ ಬಜ್ಜಿ, ಹಳೇ ಹಾಡು. ರೆಡ್ ಅಲರ್ಟ್ ಬಂದರೆ ಇಲ್ಲಿ ಶಾಲೆಗೆ ರಜ, ಅಲ್ಲಿ ಮನೆಯ ಒಲೆಗೆ ರಜ. ಜೆ.ಪಿ. ನಗರದ ಕರಾವಳಿ ಹೋಟೆಲುಗಳ ತಟ್ಟೆಗೆ ಮಂಗಳೂರು, ಮಲ್ಪೆಯ ಮೀನು ಐಸಿನಲ್ಲಿ ರಾತ್ರೋರಾತ್ರಿ ಬರುತ್ತದೆ, ಆದರೆ ಅದನ್ನು ಹಿಡಿದವನ ಮಗ ಬಾಡಿಗೆ ಮನೆ ಹುಡುಕಿದರೆ ಗೇಟಿನ ಮೇಲೆ ‘ಸಸ್ಯಾಹಾರಿಗಳಿಗೆ ಮಾತ್ರ’. ನಮ್ಮ ಗೆಳೆಯ ಜಯನಗರದಲ್ಲಿ ಮೂರು ಕಡೆ ಈ ಬೋರ್ಡು ಓದಿ ನಮ್ಮ ಕೋಣೆಗೆ ಬಂದ. ನಾವೂ ಅದೇ ಬೋರ್ಡುಗಳನ್ನು ಓದಿಯೇ ಇಲ್ಲಿಗೆ ಸೇರಿದವರು. ವಾಸನೆಗೆ ಜಾತಿ ಕಟ್ಟುವ ಈ ಮೂಗೇ ಸಂಜೆ ಸಭಾಂಗಣದಲ್ಲಿ ಕಡಲಿನ ಹಾಡಿಗೆ ಕಣ್ಣು ಮುಚ್ಚಿಕೊಳ್ಳುವುದು.

ಆದ್ದರಿಂದ ಮರವಂತೆ, ಗಂಗೊಳ್ಳಿ, ತದಡಿ, ಉಳ್ಳಾಲದ ಹುಡುಗ ಹುಡುಗಿಯರನ್ನು ನಾವು ಕೇಳುತ್ತಿದ್ದೇವೆ: ಬರೆಯಿರಿ. ಕಡಲಿನ ಮೇಲೆ ಪದ್ಯ ಬೇಡ, ಅದು ಬೇಕಾದಷ್ಟಿದೆ. ಈ ಸಲ ತೂಫಾನ್ ಯಾವತ್ತು ಆಯ್ತು, ಸೀಮೆಎಣ್ಣೆಗೆ ಎಷ್ಟು ಕೊಟ್ಟಿರಿ, ಎಷ್ಟು ದಿನ ದೋಣಿ ಬರಿಗೈಯಲ್ಲಿ ಬಂತು, ಅವ್ವ ಒಣಹಾಕಿದ ಮೀನು ಎಷ್ಟು ಸಲ ನೆನೆಯಿತು. ಲೆಕ್ಕದ ಪುಸ್ತಕದ ಹಾಳೆಯಲ್ಲಿ ಪೆನ್ಸಿಲಿನಲ್ಲಿ ಬರೆದು ಕಳಿಸಿದರೂ ಸರಿ, ಹಾಗೇ ಅಚ್ಚು ಹಾಕೋಣ.