ಅಂತಿಮ ಫಲದ ಲೆಕ್ಕ: ಕಾಡ್‌ಮನ್ನನ ಗ್ರಂಥವನ್ನು ಕುರಿತು

ಶಸ್ತ್ರವೈದ್ಯನ ಕೈಚಳಕವನ್ನು ಕೊಂಡಾಡುವ ಬರೆಹಗಳು ಹೇರಳವಾಗಿವೆ. ತನ್ನ ಕೈ ತಪ್ಪಿದ ಸಂದರ್ಭಗಳನ್ನು ತಾನೇ ಎಣಿಸಿ ಅಚ್ಚುಹಾಕಿಸಿದವರು ವಿರಳ. ಬಾಸ್ಟನ್ ನಗರದ ಅರ್ನೆಸ್ಟ್ ಏಮರಿ ಕಾಡ್‌ಮನ್ (1869–1940) ಅಂಥವನು. ಆಸ್ಪತ್ರೆಗಳ ದಕ್ಷತೆಯನ್ನು ಕುರಿತ ಆತನ ಗ್ರಂಥವನ್ನು ಹೆಸರಿಸುವವರು ಬಹಳ, ಓದುವವರು ಕಡಮೆಯೆಂದು ನಮಗೆ ತೋರುತ್ತದೆ.

ಆತನ ಯೋಜನೆ ಸರಳವಾದುದು. ಪ್ರತಿಯೊಬ್ಬ ರೋಗಿಗೂ ಒಂದು ಚೀಟಿ. ಅದರಲ್ಲಿ ರೋಗಲಕ್ಷಣ, ನಿದಾನ, ಚಿಕಿತ್ಸೆ, ತಲೆದೋರಿದ ತೊಡಕು. ವರ್ಷವೊಂದು ಕಳೆದ ಮೇಲೆ ರೋಗಿಯನ್ನು ಮತ್ತೆ ವಿಚಾರಿಸಿ ಬರೆದ ಫಲ. ಫಲ ಕೆಟ್ಟಿದ್ದರೆ ಅದರ ಕಾರಣ. 1911ರಿಂದ 1916ರ ವರೆಗೆ ತನ್ನ ಸಣ್ಣ ಆಸ್ಪತ್ರೆಯಿಂದ ಹೊರಟ 337 ರೋಗಿಗಳಲ್ಲಿ ಆತನು 123 ತಪ್ಪುಗಳನ್ನು ಗುರುತಿಸಿ, ಕೌಶಲದ ಕೊರತೆ, ವಿವೇಚನೆಯ ಕೊರತೆ, ಆರೈಕೆಯ ಕೊರತೆ, ನಿದಾನದ ಕೊರತೆ ಎಂದು ವಿಂಗಡಿಸಿದನು. ಪಿತ್ತಕೋಶದ ಶಸ್ತ್ರಕ್ರಿಯೆಯೊಂದರಲ್ಲಿ ಕಟ್ಟಬಾರದ ನಾಳವನ್ನು ತಾನು ಕಟ್ಟಿಬಿಟ್ಟುದನ್ನೂ, ಹಾಗೆ ಕಟ್ಟಿದುದು ತನಗೆ ತಿಳಿಯದೆಯೇ ಹೋದುದನ್ನೂ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿದ್ದಾನೆ. ಈ ಪುಟಗಳ ಗದ್ಯ ಶುಷ್ಕವಾದುದು; ಪಶ್ಚಾತ್ತಾಪದ ಆಡಂಬರವಿಲ್ಲದ ಆ ಶುಷ್ಕತೆಯೇ ಓದುಗನನ್ನು ನಂಬಿಸುತ್ತದೆ. ತನ್ನನ್ನು ಕುರಿತು ಇಷ್ಟು ಸಂಯಮದಿಂದ ಬರೆಯಬಲ್ಲವನು ಇತರರನ್ನು ಕುರಿತು ಬರೆಯುವಾಗ ಮಾತ್ರ ಸಂಯಮ ಕಳೆದುಕೊಳ್ಳುತ್ತಾನೆ. 1915ರ ಸಭೆಯೊಂದರಲ್ಲಿ, ಮರಳಿನಲ್ಲಿ ತಲೆ ಹುದುಗಿಸಿ ಚಿನ್ನದ ಮೊಟ್ಟೆಯಿಡುವ ಉಷ್ಟ್ರಪಕ್ಷಿಯ ವ್ಯಂಗ್ಯಚಿತ್ರವನ್ನು ತೋರಿಸಿ ಊರಿನ ವೈದ್ಯವರ್ಗವನ್ನೇ ಎದುರು ಹಾಕಿಕೊಂಡನು. ನಗೆಯೇನೋ ಬರುತ್ತದೆ, ವಾದಕ್ಕೆ ಅದರಿಂದ ಲಾಭವಾಯಿತೆಂದು ಹೇಳಲಾರೆವು.

ನಮ್ಮ ಆಕ್ಷೇಪ ಬೇರೆಯದು. ತಪ್ಪು ಮಾಡಿದವನೂ ತೀರ್ಪು ಹೇಳುವವನೂ ಇಲ್ಲಿ ಒಬ್ಬನೇ. ರೋಗಿಗಳ ಸಂಖ್ಯೆಯೂ ಅಲ್ಪ. ಒಂದು ಆಸ್ಪತ್ರೆಯ ವಿಭಾಗಕ್ಕೆ ಹತ್ತು ರೋಗಿಗಳಲ್ಲಿ ಇಬ್ಬರು ಕೆಟ್ಟರೆ ಅದು ಅಕುಶಲತೆಯೋ ದುರದೃಷ್ಟವೋ ಹೇಳುವುದು ಹೇಗೆ? ಈ ಪ್ರಶ್ನೆಗೆ ಉತ್ತರ ದೊರಕಬೇಕಾದರೆ ಅನೇಕ ಆಸ್ಪತ್ರೆಗಳ ಲೆಕ್ಕ ಒಂದೆಡೆ ಸೇರಬೇಕು. 1920ರಲ್ಲಿ ಎಲುಬಿನ ಸಾರ್ಕೋಮಾ ರೋಗಿಗಳ ದಾಖಲೆಯನ್ನು ತೊಡಗಿಸಿದ ಕಾಡ್‌ಮನ್ನನಿಗೂ ಇದು ಹೊಳೆದಿತ್ತು. ಸ್ವೀಡನ್ ದೇಶ 1979ರಿಂದ ಕೃತಕ ಸೊಂಟದ ಕೀಲಿನ ರೋಗಿಗಳನ್ನೆಲ್ಲ ಹೀಗೆಯೇ ದಾಖಲಿಸುತ್ತ ಬಂದಿದೆ. ಆದರೆ ಅಲ್ಲಿ ಸೋಲಿಗೆ ಮುಖ್ಯ ಗುರುತು ಮರುಶಸ್ತ್ರಕ್ರಿಯೆ. ನೋವಿನಿಂದ ನರಳುತ್ತಿದ್ದರೂ ಮತ್ತೊಮ್ಮೆ ಕತ್ತಿಗೆ ಒಡ್ಡಿಕೊಳ್ಳಲಾರದ ವೃದ್ಧೆಯನ್ನು ಆ ಒಂದೇ ಗುರುತು ಗೆದ್ದವರ ಸಾಲಿಗೆ ಸೇರಿಸಿಬಿಡುತ್ತದೆ. ನೋವನ್ನು ರೋಗಿಯನ್ನೇ ಕೇಳಿ ಬರೆಯುವ ಪದ್ಧತಿ ಅಲ್ಲಿ ಬಂದದ್ದು ತಡವಾಗಿ.

ಲೆಕ್ಕವಿದ್ದ ಮಾತ್ರಕ್ಕೆ ಅದನ್ನು ಓದುವವರಿರುತ್ತಾರೆಂದೂ ಅಲ್ಲ. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಶಿಶುಗಳ ಹೃದಯ ಶಸ್ತ್ರಕ್ರಿಯೆಯ ಸಾವುಗಳನ್ನು ಕುರಿತು 2001ರಲ್ಲಿ ಪ್ರಕಟವಾದ ವಿಚಾರಣಾ ವರದಿಯಿಂದ ತಿಳಿಯುವುದೇನೆಂದರೆ, ಅಂಕಿಗಳಿಗೆ ಅಲ್ಲಿ ಬರವಿರಲಿಲ್ಲ; ಅವನ್ನು ನೋಡಿ ಕೆಲಸ ನಿಲ್ಲಿಸಬೇಕಾದವರು ಯಾರೆಂಬುದೇ ಸ್ಪಷ್ಟವಿರಲಿಲ್ಲ. ಕಾಡ್‌ಮನ್ ಆ ಹೊಣೆಯನ್ನು ಆಸ್ಪತ್ರೆಯ ಆಡಳಿತ ಮಂಡಲಿಯ ಮೇಲೆ ಹೊರಿಸಿದ್ದನು.